ಪುಲಸ್ತ್ಯನ ಪಕ್ಕದ ಜೋಡಿ: ಎನ್‌ಜಿಸಿ 3718 ಮತ್ತು ಅದರ ನೆರೆಹೊರೆಯನ್ನು ನಮ್ಮ ಕಡೆಯ ಆಕಾಶದಲ್ಲಿ ಹುಡುಕುವ ಸಮಗ್ರ ಮಾರ್ಗದರ್ಶಿ

ಎಂಟು ಇಂಚಿನ ಟೆಲಿಸ್ಕೋಪ್ ಕೊಂಡವರು ಮೊದಲ ವರ್ಷ ಶನಿ, ಗುರು, ಚಂದ್ರನ ಕುಳಿಗಳಲ್ಲಿ ಕಳೆಯುತ್ತಾರೆ. ಎರಡನೇ ವರ್ಷ ಗ್ಯಾಲಕ್ಸಿಗಳ ಹುಚ್ಚು ಹತ್ತುತ್ತದೆ. ಸಪ್ತರ್ಷಿ ಮಂಡಲದ ಪುಲಸ್ತ್ಯ ನಕ್ಷತ್ರದ ಬಳಿ ಕಾಣುವ ಗ್ಯಾಲಕ್ಸಿ ಎನ್‌ಜಿಸಿ 3718ರ (ಎನ್‌ಜಿಸಿ ಎಂಬುದು ಆಕಾಶಕಾಯಗಳ ಒಂದು ಪಟ್ಟಿ, 3718 ಅದರಲ್ಲಿನ ಸಂಖ್ಯೆ) ಫೋಟೊ ಎಲ್ಲೋ ಕಣ್ಣಿಗೆ ಬಿದ್ದರಂತೂ ಮುಗಿಯಿತು. ತಿರುಚಿದ ‘ಎಸ್’ ಆಕಾರದ ತೋಳುಗಳು, ನಡುವೆ ಸೀಳಿಕೊಂಡು ಹೋದ ಕಪ್ಪು ದೂಳಿನ ಗೆರೆ, ಪಕ್ಕದಲ್ಲಿ ಇನ್ನೊಂದು ಗ್ಯಾಲಕ್ಸಿ. ಅದನ್ನು ನೋಡಲೇಬೇಕೆಂದು ರಾತ್ರಿ ಹೊಲಕ್ಕೆ ಹೋಗಿ, ಎರಡು ತಾಸು ಕುತ್ತಿಗೆ ನೋಯಿಸಿಕೊಂಡು, ಏನೂ ಕಾಣದೆ ಮನೆಗೆ ಬರುತ್ತಾರೆ.

ನನ್ನ ಹತ್ತಿರ ಹೇಳಿಕೊಂಡವರು ಎಡವಿದ್ದು ಮೂರು ಕಡೆ. ಕೆಲವರು ದಿಕ್ಕು ತಪ್ಪಿದ್ದರು. ಕೆಲವರು ಆ ರಾತ್ರಿಯ ಆಕಾಶ ಸಾಕಷ್ಟು ಕಪ್ಪಾಗಿದೆಯೇ ಎಂದು ನೋಡದೆ ನೇರ 3718ಕ್ಕೇ ಕೈ ಹಾಕಿದ್ದರು. ಉಳಿದವರು, ಇವರೇ ಹೆಚ್ಚು ಮಂದಿ, ಅದರ ಮೇಲೆ ಹಾದು ಹೋಗಿಯೂ ಗುರುತಿಸಿರಲಿಲ್ಲ. ಆದ್ದರಿಂದ ಒಂಟಿ ಗ್ಯಾಲಕ್ಸಿಯನ್ನು ಹುಡುಕಬೇಡಿ, ಜೋಡಿಯನ್ನು ಹುಡುಕಿ. ಮಸುಕಾದ ಒಂದು ಕಲೆ ಕಣ್ಣಿನ ಭ್ರಮೆ ಇರಬಹುದು. ಸರಿಯಾದ ಅಂತರದಲ್ಲಿ ಕಾಣುವ ಎರಡು ಕಲೆಗಳು ಭ್ರಮೆಯಾಗಲಾರವು.

ಹಂತ 1: ಏನನ್ನು ನೋಡಲು ಹೊರಟಿದ್ದೀರಿ, ಎಷ್ಟು ಕಾಣುತ್ತದೆ

3718 ನಡುವೆ ದಂಡವಿರುವ ಸುರುಳಿ ಗ್ಯಾಲಕ್ಸಿ, ಆದರೆ ವಿಲಕ್ಷಣ ವರ್ಗದ್ದು. ಅದರ ಅನಿಲದ ತಟ್ಟೆ ಸಮತಟ್ಟಾಗಿಲ್ಲ, ಸೊಟ್ಟಗೆ ತಿರುಚಿಕೊಂಡಿದೆ. ಪಕ್ಕದ ಎನ್‌ಜಿಸಿ 3729ರ ಗುರುತ್ವದ ಎಳೆದಾಟವೇ ಇದಕ್ಕೆ ಕಾರಣ ಎಂದು ಖಗೋಳ ವಿಜ್ಞಾನಿಗಳು ಭಾವಿಸುತ್ತಾರೆ. ಇವೆರಡೂ ನಮ್ಮಿಂದ ಸುಮಾರು 5.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. 3718ರ ದಕ್ಷಿಣಕ್ಕೆ, ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು ಸರಿದರೆ ಹಿಕ್ಸನ್ 56 ಎಂಬ ಐದು ಗ್ಯಾಲಕ್ಸಿಗಳ ಗುಂಪಿದೆ. ಅದು ನೆರೆಯಂತೆ ತೋರುತ್ತದೆ ಅಷ್ಟೇ. 40 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ, ಹಿನ್ನೆಲೆಯಲ್ಲಿದೆ.

3718ರ ಕಾಂತಿಮಾನ ಸುಮಾರು 10.8, 3729ರದು 11.4ರ ಆಸುಪಾಸು. (ಕಾಂತಿಮಾನದ ಅಂಕಿ ದೊಡ್ಡದಾದಷ್ಟೂ ಮಸುಕು.) ಈ ಅಂಕಿ ಮೋಸ ಮಾಡುತ್ತದೆ. 10.8ರ ನಕ್ಷತ್ರ ಎಂಟು ಇಂಚಿನಲ್ಲಿ ಸರಾಗವಾಗಿ ಕಾಣುತ್ತದೆ, ಅಷ್ಟೇ ಕಾಂತಿಯ ಗ್ಯಾಲಕ್ಸಿ ಹಾಗೆ ಸರಾಗವಾಗಿ ಕಾಣುವುದಿಲ್ಲ. ಒಂದು ಚಮಚ ಬೆಣ್ಣೆಯನ್ನು ಒಂದೇ ರೊಟ್ಟಿಯ ಮೇಲೆ ಇಟ್ಟರೆ ಎದ್ದು ಕಾಣುತ್ತದೆ. ಅದನ್ನೇ ಹತ್ತು ರೊಟ್ಟಿಗೆ ಸವರಿದರೆ ಎಲ್ಲಿ ಹೋಯಿತೆಂದು ಹುಡುಕಬೇಕು. 3718ರ ಬೆಳಕು ಎಂಟು ನಿಮಿಷ ಉದ್ದ, ನಾಲ್ಕು ನಿಮಿಷ ಅಗಲದ ಜಾಗಕ್ಕೆ ಸವರಿಹೋಗಿದೆ. (ಇಲ್ಲಿ ನಿಮಿಷ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ.)

ಎಂಟು ಇಂಚಿನಲ್ಲಿ ಕಾಣುವುದು ನಡುವೆ ತುಸು ಬೆಳ್ಳಗಿರುವ ಉದ್ದನೆಯ ಮಂಜು, ಅದರ ಪಕ್ಕದಲ್ಲಿ ಇನ್ನೂ ಚಿಕ್ಕ ಮಂಜು. ದೂಳಿನ ಗೆರೆ, ತೋಳುಗಳು ಕಾಣುವುದಿಲ್ಲ. ಇದನ್ನು ಒಪ್ಪಿಕೊಂಡು ಹೊರಡಿ. ಫೋಟೊದಲ್ಲಿ ಕಂಡದ್ದನ್ನೇ ಹುಡುಕಿದವರು ಎದುರಿಗಿದ್ದದ್ದನ್ನೂ ಕಾಣದೆ ಹೋಗಿದ್ದಾರೆ.

ಹಂತ 2: ರಾತ್ರಿ ಆರಿಸುವುದು

ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೇರಿರಬೇಕು, ಚಂದ್ರ ಇರಬಾರದು. ಇದಕ್ಕೆ ಆ್ಯಪ್ ನೋಡುವ ಮೊದಲು ಗೋಡೆಯ ಮೇಲಿನ ಪಂಚಾಂಗ ನೋಡಿ. ನಮ್ಮ ಹಬ್ಬಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಎಳ್ಳ ಅಮಾವಾಸ್ಯೆಗೆ ಇದು ತಡವಾಗಿ ಹುಟ್ಟುತ್ತದೆ. ರಾತ್ರಿ ಎರಡರ ನಂತರವೇ ನೋಡುವಷ್ಟು ಮೇಲೇರುತ್ತದೆ. ಹಗಲೆಲ್ಲ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಹೊಡೆದವರಿಗೆ ಆ ಹೊತ್ತಿಗೆ ಏಳುವುದು ಆಗದ ಮಾತು.

ಶಿವರಾತ್ರಿ ಬಹಳ ಒಳ್ಳೆಯದು. ಬಹುಳ ಚತುರ್ದಶಿಯಾದ್ದರಿಂದ ಚಂದ್ರ ಬೆಳಗಿನ ಜಾವದವರೆಗೆ ಬರುವುದಿಲ್ಲ, ಹೇಗೂ ಜಾಗರಣೆ ಇದ್ದೇ ಇದೆ. ನಡುರಾತ್ರಿ ಒಂದರಿಂದ ಎರಡೂವರೆಯೊಳಗೆ 3718 ತನ್ನ ಗರಿಷ್ಠ ಎತ್ತರ ಮುಟ್ಟುತ್ತದೆ.

ಎಲ್ಲಕ್ಕಿಂತ ಉತ್ತಮ ಯುಗಾದಿ ಅಮಾವಾಸ್ಯೆ. ಗರಿಷ್ಠ ಎತ್ತರದ ಹೊತ್ತು ಹತ್ತೂವರೆಯಿಂದ ಹನ್ನೆರಡರ ಸುಮಾರಿಗೆ ಬೀಳುತ್ತದೆ. ಅದು ತಪ್ಪಿದರೆ ಬಸವ ಜಯಂತಿಯ ಹಿಂದಿನ ಅಮಾವಾಸ್ಯೆ ಹಿಡಿಯಿರಿ. ಆಗ ಎಂಟೂವರೆಯಿಂದ ಹತ್ತೂಕಾಲಿನೊಳಗೆ ಕೆಲಸ ಆಗಬೇಕು. ಆಮೇಲೆ ಮಳೆಗಾಲ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಇದು ಉತ್ತರದಲ್ಲಿ 53-54 ಡಿಗ್ರಿ ಎತ್ತರಕ್ಕೆ ಬರುತ್ತದೆ. ಗರಿಷ್ಠ ಹೊತ್ತಿನ ಎರಡು ತಾಸು ಹಿಂದೆ ಮುಂದೆ 45 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಈ ನಾಲ್ಕು ತಾಸಿನ ಹೊರಗೆ ಹುಡುಕಿ ಸೋತರೆ ತಪ್ಪು ನಿಮ್ಮದಲ್ಲ, ಹೊತ್ತಿನದು.

ಬಿಡಬೇಕಾದ ರಾತ್ರಿಗಳೂ ಇವೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಾಕುವ ದಿನಗಳಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊಗೆ ನೆಲದ ಮೇಲೆ ಹಾಸಿಕೊಂಡಿರುತ್ತದೆ. ಧ್ರುವ ನಕ್ಷತ್ರ ನಮ್ಮಲ್ಲಿ 16-17 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಹೊಗೆ, ದೂಳನ್ನು ಅಳೆಯಲು ಅದೇ ಒಳ್ಳೆಯ ಮಾಪಕ. ಧ್ರುವ ಬರಿಗಣ್ಣಿಗೆ ಸಲೀಸಾಗಿ ಕಾಣದಿದ್ದರೆ ಟೆಲಿಸ್ಕೋಪ್ ಇಳಿಸಬೇಡಿ. ಇದಕ್ಕೆ ವಿರುದ್ಧವಾಗಿ, ಏಪ್ರಿಲ್‌ನಲ್ಲಿ ಸಂಜೆ ಗುಡುಗು ಮಳೆ ಬಿದ್ದು ಮೋಡ ಚದುರಿದ ರಾತ್ರಿ ಸಿಕ್ಕರೆ ಊಟ ಬಿಟ್ಟಾದರೂ ಓಡಿ. ದೂಳೆಲ್ಲ ತೊಳೆದು ಹೋಗಿರುತ್ತದೆ.

ಹಂತ 3: ಜಾಗ

ನೋಡಬೇಕಾದದ್ದು ಉತ್ತರಕ್ಕಿದೆ, ಆದ್ದರಿಂದ ಊರು ನಿಮ್ಮ ಬೆನ್ನ ಹಿಂದೆ, ದಕ್ಷಿಣಕ್ಕೆ ಇರಬೇಕು. ಇಷ್ಟನ್ನು ಯೋಚಿಸದೆ ಕತ್ತಲು ಸಿಕ್ಕಿತೆಂದು ಊರ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಹೋಗಿ ನಿಲ್ಲುತ್ತಾರೆ. ಊರಿನ ದೀಪದ ಹೊಗರು ಎದುರಿಗೇ ಎದ್ದು ನಿಂತಿರುತ್ತದೆ.

ವಿಜಯಪುರದವರಿಗೆ ಇಂಡಿ ಕಡೆಯ ಹೊಲಗಳು ಹೊಂದುತ್ತವೆ. ಬಾಗಲಕೋಟೆಯವರು ಕೊಲ್ಹಾರದ ಕಡೆ, ಹಿನ್ನೀರಿನ ದಂಡೆಗೆ ಹೋಗಬಹುದು. ನೀರಿನ ಮೇಲೆ ದೀಪಗಳಿಲ್ಲ, ಉತ್ತರ ತೆರೆದಿರುತ್ತದೆ. ಆದರೆ ಚಳಿಗಾಲದಲ್ಲಿ ಅಲ್ಲಿ ಕನ್ನಡಿ, ಮಸೂರಗಳ ಮೇಲೆ ಇಬ್ಬನಿ ಕೂರುವುದು ಬೇಗ. ಬೆಳಗಾವಿಯವರು ಜಾಂಬೋಟಿ ಕಾಡಿನ ಆಸೆಗೆ ಬೀಳುತ್ತಾರೆ. ಕತ್ತಲೇನೋ ಇದೆ, ಮರಗಳು ಉತ್ತರವನ್ನು ಮುಚ್ಚುತ್ತವೆ, ಘಟ್ಟದ ಮೋಡವೂ ಸೇರಿಕೊಳ್ಳುತ್ತದೆ. ಹಿಡಕಲ್ ಕಡೆಯ ಬಯಲು ಇದಕ್ಕಿಂತ ವಾಸಿ.

ಎರೆ ಹೊಲದಲ್ಲಿ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ. ಒಮ್ಮೆ ನನ್ನ ಡಾಬ್ಸೋನಿಯನ್ನಿನ (ನೆಲದ ಮೇಲೆ ಕೂರುವ ಸರಳ ಪೀಠದ ಕನ್ನಡಿ ಟೆಲಿಸ್ಕೋಪ್) ಒಂದು ಕಾಲು ನಿಧಾನವಾಗಿ ಬಿರುಕಿನೊಳಗೆ ಇಳಿಯುತ್ತಾ ಹೋಯಿತು. ನಕ್ಷತ್ರ ಪ್ರತಿಸಲ ನೋಟದಿಂದ ಜಾರಿದಾಗಲೂ ನಾನು ಭೂಮಿ ತಿರುಗುವುದಕ್ಕೇ ಬೈಯುತ್ತಿದ್ದೆ. ಈಗ ಎರಡು ಅಡಿ ಚೌಕದ ಪ್ಲೈವುಡ್ ಹಲಗೆ ಇಲ್ಲದೆ ಹೊರಡುವುದಿಲ್ಲ. ಹೊಲದ ಯಜಮಾನರಿಗೆ ಹಗಲಲ್ಲೇ ಹೇಳಿ, ಮುಚ್ಚಿದ ಬೂಟು ಹಾಕಿ. ಬಿರುಕುಗಳಲ್ಲಿ ಚೇಳು ಇರುತ್ತವೆ.

ಹಂತ 4: ಸಾಮಾನು

ಎಂಟು ಇಂಚಿನ ಡಾಬ್ಸೋನಿಯನ್ ಸಾಕು. ಆರು ಇಂಚಿನಲ್ಲೂ ಆಗುತ್ತದೆ, ಆಕಾಶ ನಿಜವಾಗಿ ಕಪ್ಪಾಗಿರಬೇಕು. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಎರಡು ಬೇಕು: ಹುಡುಕಲು 25 ಮಿ.ಮೀ., ಹುಡುಕಿದ ಮೇಲೆ ನೋಡಲು 10 ಮಿ.ಮೀ. ಟೆಲಿಸ್ಕೋಪಿನ ನಾಭಿದೂರ 1200 ಮಿ.ಮೀ. ಇದ್ದರೆ ಮೊದಲನೆಯದು 48 ಪಟ್ಟು ಹಿಗ್ಗಿಸಿ ಸುಮಾರು ಒಂದು ಡಿಗ್ರಿ ಆಕಾಶ ತೋರಿಸುತ್ತದೆ. ಎರಡನೆಯದು 120 ಪಟ್ಟು.

ಕೆಂಪು ದೀಪ, ಸ್ಟೂಲು, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಇರುವ ಮೊಬೈಲು. ಆ್ಯಪಿನ ರಾತ್ರಿ ಬಣ್ಣವನ್ನಷ್ಟೇ ನಂಬಬೇಡಿ, ಪರದೆಗೆ ಕೆಂಪು ಜಿಲೇಟಿನ್ ಹಾಳೆ ಅಂಟಿಸಿ. ಇನ್ನೊಂದು ಕಂಬಳಿ, ಚಳಿಗಲ್ಲ, ತಲೆಯ ಮೇಲೆ ಹೊದ್ದು ಐಪೀಸಿಗೆ ಕಣ್ಣಿಡಲು. ಸುತ್ತಲಿನ ಬೆಳಕು ತಡೆಯುವುದರಲ್ಲಿ ಇದಕ್ಕಿಂತ ಅಗ್ಗದ ಸಾಧನ ಇಲ್ಲ.

ಗ್ಯಾಲಕ್ಸಿಗೆಂದು ನೆಬ್ಯುಲಾ ಫಿಲ್ಟರ್ ಕೊಳ್ಳಬೇಡಿ. ಅವು ಅನಿಲ ಮೋಡಗಳ ಒಂದೆರಡು ಬಣ್ಣವನ್ನಷ್ಟೇ ಬಿಡುತ್ತವೆ. ಗ್ಯಾಲಕ್ಸಿಯದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಸೇರಿದ್ದು. ಫಿಲ್ಟರ್ ಹಾಕಿದರೆ ಇರುವುದೂ ಹೋಗುತ್ತದೆ.

ಹಂತ 5: ಕತ್ತಲಾಗುವ ಮೊದಲು

ಹಗಲ ಬೆಳಕಿರುವಾಗಲೇ ದೂರದ ಕರೆಂಟ್ ಕಂಬದ ತುದಿಗೆ ಫೈಂಡರನ್ನೂ (ಕೊಳವೆಯ ಮೇಲಿರುವ, ಗುರಿ ಹಿಡಿಯುವ ಚಿಕ್ಕ ಸಾಧನ) ಟೆಲಿಸ್ಕೋಪನ್ನೂ ಹೊಂದಿಸಿ. ಸೂರ್ಯ ಪೂರ್ತಿ ಮುಳುಗಿರಲಿ. ಕನ್ನಡಿಗಳ ಜೋಡಣೆ ನೋಡಿಕೊಳ್ಳಿ. ಕಾರಿನೊಳಗೆ ಕಾದ ಕೊಳವೆ ತಣ್ಣಗಾಗಲು ಮುಕ್ಕಾಲು ತಾಸು ಬಿಡಿ. ಅಷ್ಟರಲ್ಲಿ ಕಣ್ಣೂ ಕತ್ತಲಿಗೆ ಪಳಗುತ್ತದೆ, ಅದಕ್ಕೆ ಅರ್ಧ ತಾಸು ಬೇಕು. ಯಾರೋ ಬೈಕಿನ ಹೆಡ್‌ಲೈಟ್ ಮುಖಕ್ಕೆ ಬಿಟ್ಟರೆ ಮತ್ತೆ ಅರ್ಧ ತಾಸು.

ಹಂತ 6: ಎಂ 109 ಪರೀಕ್ಷೆ

ಸಪ್ತರ್ಷಿಗಳ ಹೆಸರು ನೆನಪಿದ್ದರೆ ಕೆಲಸ ಹಗುರ. ಚೌಕದ ನಾಲ್ವರು ಕ್ರತು, ಪುಲಹ, ಪುಲಸ್ತ್ಯ, ಅತ್ರಿ. ಬಾಲದ ಮೂವರು ಅಂಗಿರ, ವಸಿಷ್ಠ, ಮರೀಚಿ. ವಸಿಷ್ಠನ ಪಕ್ಕ ಅರುಂಧತಿ. ಮದುವೆಯಲ್ಲಿ ಪುರೋಹಿತರು ಎತ್ತ ಕೈ ಮಾಡಿದ್ದರೋ ಅತ್ತ ನೋಡಿದವರು ಕಡಿಮೆ, ಈಗ ನೋಡಿ. ಗರಿಷ್ಠ ಎತ್ತರದಲ್ಲಿರುವಾಗ ಉತ್ತರಕ್ಕೆ ಮುಖ ಮಾಡಿ ನಿಂತರೆ ಚೌಕ ತಲೆಕೆಳಗಾಗಿ ಎಡಕ್ಕೆ, ಬಾಲ ಬಲಕ್ಕೆ ಇರುತ್ತದೆ. ಚೌಕದ ನಾಲ್ವರಲ್ಲಿ ಎಲ್ಲರಿಗಿಂತ ಮೇಲೆ ಕಾಣುವವನು ಪುಲಸ್ತ್ಯ.

ಪುಲಸ್ತ್ಯನನ್ನು 25 ಮಿ.ಮೀ. ಐಪೀಸಿನ ನಡುವೆ ತನ್ನಿ. ಅಲ್ಲಿಂದ ಆಗ್ನೇಯಕ್ಕೆ ಮುಕ್ಕಾಲು ಡಿಗ್ರಿಗೂ ಕಡಿಮೆ ದೂರದಲ್ಲಿ ಎಂ 109 ಇದೆ. ಅದೂ ನಡುದಂಡದ ಸುರುಳಿ ಗ್ಯಾಲಕ್ಸಿಯೇ, ಕಾಂತಿಮಾನ 9.8. ಪುಲಸ್ತ್ಯನ ಬೆಳಕು ಕಣ್ಣು ಕುಕ್ಕುವುದರಿಂದ ಅವನನ್ನು ನೋಟದ ಹೊರಗೆ ತಳ್ಳಿ, ನಂತರ ಹುಡುಕಿ. ನೇರ ದಿಟ್ಟಿಸಬೇಡಿ. ಕಲೆಯ ಪಕ್ಕಕ್ಕೆ ದೃಷ್ಟಿ ಇಟ್ಟು ಓರೆಗಣ್ಣಿನಲ್ಲಿ ಹಿಡಿಯಿರಿ. ಮಬ್ಬು ಬೆಳಕನ್ನು ಕಣ್ಣಿನ ನಡುಭಾಗಕ್ಕಿಂತ ಅಂಚು ಚೆನ್ನಾಗಿ ಗ್ರಹಿಸುತ್ತದೆ.

ಹತ್ತು ನಿಮಿಷದಲ್ಲಿ ಎಂ 109 ಸಿಗದಿದ್ದರೆ ಆ ರಾತ್ರಿ 3718ರ ಆಸೆ ಬಿಡಿ. ಈ ಹಂತವನ್ನು ಹಾರಿಸಿದವರೇ ಟೆಲಿಸ್ಕೋಪ್ ಕೆಟ್ಟಿದೆ ಎಂದು ಅಂಗಡಿಗೆ ಫೋನ್ ಮಾಡುವವರು.

ಹಂತ 7: ಪುಲಸ್ತ್ಯನಿಂದ 3718ಕ್ಕೆ

ನಾನು ಎರಡು ರಾತ್ರಿ ಹಾಳು ಮಾಡಿಕೊಂಡದ್ದು ಇಲ್ಲೇ. ನೇರ ನೋಟದ ಫೈಂಡರ್ ಚಿತ್ರವನ್ನು ತಲೆಕೆಳಗು ಮಾಡಿ ಎಡಬಲವನ್ನೂ ಬದಲಿಸುತ್ತದೆ. ನಾನು ಆಕಾಶದಲ್ಲಿ ಎಡಕ್ಕಿದೆಯೆಂದು ಫೈಂಡರಿನಲ್ಲೂ ಎಡಕ್ಕೇ ಹೋಗಿ, ಬಾಲದ ಕಡೆಯ ಖಾಲಿ ಆಕಾಶವನ್ನು ಇಂಚಿಂಚು ಜಾಲಾಡಿದ್ದೆ.

ಈಗ ಎಡಬಲವನ್ನು ಯೋಚಿಸುವುದೇ ಇಲ್ಲ. ಪುಲಸ್ತ್ಯನನ್ನು ಐಪೀಸಿನ ನಡುವೆ ಇಟ್ಟು ಕೈ ತೆಗೆಯುತ್ತೇನೆ. ಭೂಮಿ ತಿರುಗುವುದರಿಂದ ಅವನು ಒಂದು ಅಂಚಿನತ್ತ ಜಾರುತ್ತಾನೆ. ಯಾವ ಟೆಲಿಸ್ಕೋಪ್ ಆದರೂ ಜಾರುವ ಆ ಅಂಚೇ ಪಶ್ಚಿಮ, 3718 ಇರುವುದೂ ಅತ್ತಲೇ. ದೂರ 3.2 ಡಿಗ್ರಿ.

ಮತ್ತೆ ಪುಲಸ್ತ್ಯನನ್ನು ನಡುವಿಗೆ ತಂದು ಹೀಗೆ ಸಾಗಿ. ಪಶ್ಚಿಮದ ಅಂಚಿನಲ್ಲಿರುವ ಯಾವುದಾದರೂ ನಕ್ಷತ್ರವನ್ನು ಗುರುತು ಹಿಡಿದು, ಅದು ಎದುರಿನ ಅಂಚಿಗೆ ಬರುವಷ್ಟು ಕೊಳವೆ ಸರಿಸಿ. ಇದು ಒಂದು ಹೆಜ್ಜೆ, ಅಂದರೆ ಒಂದು ಡಿಗ್ರಿ. ಇಂಥ ಮೂರು ಹೆಜ್ಜೆ ಹಾಕಿ. ಆಮೇಲೆ ಅರ್ಧ ನೋಟಕ್ಕಿಂತ ಸ್ವಲ್ಪ ಹೆಚ್ಚು ದಕ್ಷಿಣಕ್ಕೆ, ಎಂದರೆ ಧ್ರುವದಿಂದ ದೂರಕ್ಕೆ ಸರಿಸಿ. ಗರಿಷ್ಠ ಎತ್ತರದ ಹೊತ್ತಿನಲ್ಲಾದರೆ ಕೊಳವೆಯನ್ನು ತುಸು ಮೇಲೆತ್ತಿದರಾಯಿತು.

ಕೆಂಪು ಚುಕ್ಕೆಯ ಫೈಂಡರ್ ಇದ್ದವರಿಗೆ ಇನ್ನೊಂದು ದಾರಿ ಇದೆ. ಪುಲಸ್ತ್ಯನಿಂದ ಪುಲಹನತ್ತ ಗೆರೆ ಎಳೆದುಕೊಳ್ಳಿ. ಮೂರನೇ ಒಂದು ಭಾಗಕ್ಕಿಂತ ತುಸು ಮುಂದೆ ಹೋಗಿ ನಿಂತು, ಅಲ್ಲಿಂದ ಚೌಕದ ಹೊರಮಗ್ಗುಲಿಗೆ ಸುಮಾರು ಮೂರೂವರೆ ಹುಣ್ಣಿಮೆ ಚಂದ್ರರ ಅಗಲದಷ್ಟು ಸರಿಯಿರಿ. ಚುಕ್ಕೆಯನ್ನು ಅಲ್ಲಿಟ್ಟು ಐಪೀಸಿನಲ್ಲಿ ಸುತ್ತಮುತ್ತ ನಿಧಾನವಾಗಿ ಗುಡಿಸಿ.

ಇಲ್ಲಿ ಅವಸರ ಬೇಡ. ಪ್ರತಿ ನೋಟದಲ್ಲೂ ಅರ್ಧ ನಿಮಿಷ ನಿಂತು ಓರೆಗಣ್ಣಿನಲ್ಲಿ ನೋಡಿ. ಉಸಿರು ಬಿಗಿಹಿಡಿಯಬೇಡಿ, ಕಣ್ಣಿನ ಶಕ್ತಿ ಕುಗ್ಗುತ್ತದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಲುಗಾಡುವ ಮಬ್ಬು ನಿಂತ ಮಬ್ಬಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಹಂತ 8: ಅದೇ ಎಂದು ಖಚಿತ ಮಾಡಿಕೊಳ್ಳುವುದು

ಒಂದು ಮಬ್ಬು ಸಿಕ್ಕಿತು. ಈಗ ಖುಷಿಪಡಬೇಡಿ, ಜೋಡಿ ಎಲ್ಲಿ ಎಂದು ಕೇಳಿ. 3729 ಇರುವುದು 3718ರ ಪೂರ್ವಕ್ಕೆ, ತುಸು ಉತ್ತರಕ್ಕೆ, ಸುಮಾರು 12 ನಿಮಿಷ (ಡಿಗ್ರಿಯ ಐದನೇ ಒಂದು ಭಾಗ) ಅಂತರದಲ್ಲಿ. 48 ಪಟ್ಟಿನಲ್ಲಿ ನೋಟದ ಐದನೇ ಒಂದು ಭಾಗದಷ್ಟು ದೂರ. 10 ಮಿ.ಮೀ. ಐಪೀಸ್ ಹಾಕಿದರೂ ಎರಡೂ ಒಟ್ಟಿಗೆ ಕಾಣುತ್ತವೆ.

ಅಂತರ ಅಳೆಯಲು ಗಡಿಯಾರ ಸಾಕು. 3718ನ್ನು ನಡುವೆ ಇಟ್ಟು ಕೈ ಬಿಟ್ಟು ಎಣಿಸಿ. ಸುಮಾರು 74 ಸೆಕೆಂಡಿಗೆ, ಎಂದರೆ ಒಂದೂಕಾಲು ನಿಮಿಷಕ್ಕೆ, 3729 ನಡುಗೆರೆ ದಾಟಬೇಕು. ನಲವತ್ತಕ್ಕೋ ನೂರಿಪ್ಪತ್ತಕ್ಕೋ ಏನಾದರೂ ದಾಟಿದರೆ ನೀವು ಹಿಡಿದದ್ದು ಬೇರೆ. ಆ ಭಾಗದ ಆಕಾಶದಲ್ಲಿ ಗ್ಯಾಲಕ್ಸಿಗಳಿಗೆ ಬರವಿಲ್ಲ.

ಹೋದ ಯುಗಾದಿ ಅಮಾವಾಸ್ಯೆಗೆ ಹೊಲದ ಯಜಮಾನರು ಟಾರ್ಚ್ ಆರಿಸಿಕೊಂಡು ಬಂದರು.

“ಏನ್ ಕಾಣಾಕತ್ತೈತ್ರೀ ಸರ?”

“ನೀವ ನೋಡ್ರಿ ಕಾಕಾ. ನೆಟ್ಟಗ ನೋಡಬ್ಯಾಡ್ರಿ, ಬಾಜೂಕ ನೋಡ್ರಿ.”

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ದೊಡ್ಡದೊಂದು ಐತಿ, ಸಣ್ಣದೊಂದು ಐತಿ. ಸಣ್ಣದು ದೊಡ್ಡದರ ಬೆನ್ನ ಹತ್ತಿ ಹೊಂಟೈತಿ ನೋಡ್ರಿ” ಅಂದರು. ನಾನು ವಿವರಿಸುವ ಮೊದಲೇ ಕಾಕಾ ಜೋಡಿ ಹಿಡಿದಿದ್ದರು.

ಮೋಸದ ಗುರುತುಗಳು ಮೂರು. ಐಪೀಸನ್ನು ತಿರುಗಿಸಿದಾಗ ಮಬ್ಬೂ ತಿರುಗಿದರೆ ಅದು ಗಾಜಿನ ಮೇಲಿನ ಜಿಡ್ಡು. ಕೊಳವೆ ಸರಿಸಿದಾಗ ಅದು ನಕ್ಷತ್ರಗಳ ಜೊತೆ ಸರಿಯದೆ ಬೇರೆ ದಿಕ್ಕಿಗೆ ಓಡಿದರೆ ಯಾವುದೋ ಬೆಳಗುವ ನಕ್ಷತ್ರದ ಪ್ರತಿಫಲನ. ನೋಟದಲ್ಲಿರುವ ನಕ್ಷತ್ರಗಳೆಲ್ಲ ಮಬ್ಬಾಗಿದ್ದರೆ ಇಬ್ಬನಿ ಕೂತಿದೆ, ಇಲ್ಲವೇ ನಿಮ್ಮ ಉಸಿರು ತಾಗಿದೆ. ಬಟ್ಟೆಯಿಂದ ಒರೆಸಬೇಡಿ, ಎರೆ ಮಣ್ಣಿನ ದೂಳು ಗಾಜನ್ನು ಗೀರುತ್ತದೆ. ಐಪೀಸನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿ.

ಹಂತ 9: ಹಿಕ್ಸನ್ 56 ಮತ್ತು ಕ್ಯಾಮೆರಾ

ಹಿಕ್ಸನ್ 56ನ್ನು ಎಂಟು ಇಂಚಿನಲ್ಲಿ ಕಣ್ಣಿನಿಂದ ಹುಡುಕುವುದು ಹಟ. ಕ್ಯಾಮೆರಾಕ್ಕೆ ಬಿಡಿ. ಸೀಸ್ಟಾರ್ ಎಸ್50ರಂಥ ಸ್ವಯಂಚಾಲಿತ ಟೆಲಿಸ್ಕೋಪ್ ಇದ್ದರೂ ಸಾಕು, ಜೋಡಿಯೂ ಹಿನ್ನೆಲೆಯ ಐವರೂ ಒಂದೇ ಚೌಕಟ್ಟಿನಲ್ಲಿ ಹಿಡಿಸುತ್ತಾರೆ. ಐದು ನಿಮಿಷಕ್ಕೆ ನಿಲ್ಲಿಸಿ ‘ಬರೀ ಬಿಳಿ ಕಲೆ’ ಎನ್ನುವುದೇ ಇಲ್ಲಿನ ಸಾಮಾನ್ಯ ತಪ್ಪು. ದೂಳಿನ ಗೆರೆ ಮೊದಲು ಬರುತ್ತದೆ. ಮಸುಕು ತೋಳುಗಳಿಗೆ ಹಲವು ತಾಸಿನ ಬೆಳಕು ಕೂಡಿಸಬೇಕು, ಅದು ಒಂದೇ ರಾತ್ರಿಯದಾಗಬೇಕೆಂದಿಲ್ಲ.

ಎಡಬಲ, ಮೇಲೆಕೆಳಗೆ ಮಾತ್ರ ತಿರುಗುವ ಸ್ಟ್ಯಾಂಡಿನಲ್ಲಿ ಆಕಾಶ ಚೌಕಟ್ಟಿನೊಳಗೆ ಸುತ್ತುತ್ತದೆ. 3718 ಉತ್ತರದಲ್ಲಿ ಗರಿಷ್ಠ ಎತ್ತರದಲ್ಲಿರುವಾಗ ಈ ಸುತ್ತು ತಾಸಿಗೆ ಸುಮಾರು 24 ಡಿಗ್ರಿ. ಹತ್ತು ಸೆಕೆಂಡಿನ ಬಿಡಿ ಚಿತ್ರಗಳಿಗೆ ಧಕ್ಕೆ ಇಲ್ಲ, ಆದರೆ ಕೂಡಿಸಿದ ಚಿತ್ರದ ಮೂಲೆಗಳು ಕತ್ತರಿಸಿ ಹೋಗುತ್ತವೆ. ಆದ್ದರಿಂದ 3718 ಮತ್ತು 3729ರ ನಡುವಿನ ಜಾಗವನ್ನು ಚೌಕಟ್ಟಿನ ಮಧ್ಯಕ್ಕೆ ಇಟ್ಟುಕೊಳ್ಳಿ.

ಈಕ್ವಟೋರಿಯಲ್ ಸ್ಟ್ಯಾಂಡ್ (ಧ್ರುವದತ್ತ ವಾಲಿದ ಅಕ್ಷದ ಸುತ್ತ ತಿರುಗುವಂಥದು) ಇರುವವರಿಗೆ ನಮ್ಮ ಅಕ್ಷಾಂಶದ್ದೇ ತೊಂದರೆ. ಅಕ್ಷವನ್ನು 16-17 ಡಿಗ್ರಿಗೆ ಇಳಿಸಿದಾಗ ಕೆಲವು ಸ್ಟ್ಯಾಂಡ್‌ಗಳಲ್ಲಿ ತೂಕದ ಕಲ್ಲು ಕಟ್ಟಿದ ಸರಳು ಕಾಲಿಗೆ ತಾಗುತ್ತದೆ. ಮೋಟಾರ್ ತಿರುಗುತ್ತಲೇ ಇರುತ್ತದೆ, ಗೇರು ಹಲ್ಲು ಕಡಿಯುವ ಸದ್ದು ಬರುವಾಗ ನೀವು ಕಾರಿನಲ್ಲಿ ಚಹಾ ಕುಡಿಯುತ್ತಿರುತ್ತೀರಿ. ಹಗಲಲ್ಲೇ ಮನೆಯ ಅಂಗಳದಲ್ಲಿ ಸ್ಟ್ಯಾಂಡ್ ಹೂಡಿ, 3718 ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ದಾರಿಯನ್ನು ಕೈಯಿಂದ ಒಮ್ಮೆ ತಿರುಗಿಸಿ ನೋಡಿ. ಎಲ್ಲಿ ತಾಗುತ್ತದೋ ಅಲ್ಲಿ ಕಾಲಿಗೆ ಸುಣ್ಣದ ಗುರುತು ಹಾಕಿಡಿ.